ಗರಸು ದಿಣ್ಣೆಯ ತೊಗರಿ

ನಾನೊಂದು ತೊಗರಿ ಗಿಡ. ಹುಟ್ಟಿದ್ದು ಗರಸು ದಿಣ್ಣೆಯ ಮೇಲೆ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ. ರಾಗಿ ಸಾಲುಗಳ ನಡುವೆ ತೊಗರಿ, ಅವರೆಗಳಿಗೆಂದು ಬಿಡುವ ಒಂಟಿ ಸಾಲಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಎತ್ತುಗಳು ಕೂರಿಗೆ ಎಳೆಯುತ್ತಿದ್ದವು. ಹೊಲದೊಡತಿ ಮುನಿವೆಂಕಟಮ್ಮ ಹಿಂದೆ ನಡೆಯುತ್ತ ನನ್ನನ್ನು ಬೆರಳ ಸಂದಿಯಿಂದ ಮಣ್ಣಿಗೆ ಬಿಟ್ಟಳು. ಗೊಬ್ಬರವೆಲ್ಲ ರಾಗಿಗೆ ಹೋಯಿತು. ಅಕ್ಕಡಿ ಸಾಲಿಗೆ ಗೊಬ್ಬರ ಹಾಕುವ ವಾಡಿಕೆ ಆ ಮನೆಯಲ್ಲಿ ಇರಲಿಲ್ಲ.

ಎಂಥ ನೆಲಕ್ಕೆ ಬಿದ್ದಿದ್ದೇನೆಂದು ಮೊಳೆತ ಮೇಲೆ ತಿಳಿಯಿತು. ಕೆಂಪು ಮಣ್ಣು, ಬರೀ ಕಲ್ಲು ಹರಳು. ಗಿಡ ಬೇರು ಬಿಟ್ಟು ಹೂ ಕಟ್ಟಬೇಕಾದರೆ ಒಂದು ಸತ್ವ ಬೇಕು. ಓದಿದವರು ಅದನ್ನು ರಂಜಕ, ಫಾಸ್ಫರಸ್ ಎನ್ನುತ್ತಾರಂತೆ. ಅದು ಆ ಮಣ್ಣಿನಲ್ಲಿ ಇರಲೇ ಇಲ್ಲವೆಂದಲ್ಲ. ಮಣ್ಣನ್ನು ಕೆಂಪು ಮಾಡಿದ ಕಬ್ಬಿಣವೇ, ಜಿಪುಣಿ ಅಜ್ಜಿ ಮಡಿಲಲ್ಲಿ ಬೆಲ್ಲ ಅವುಚಿಕೊಂಡ ಹಾಗೆ, ಅದನ್ನು ಹಿಡಿದು ಕೂತಿತ್ತು. ಹಾಗಾಗಿ ನಾನು ಮೇಲೆ ಬೆಳೆಯುವುದನ್ನು ಬಿಟ್ಟು ಕೆಳಕ್ಕೆ ಇಳಿದೆ. ಬೇರಿನಿಂದ ಒಂದು ಬಗೆಯ ಹುಳಿ ಒಸರಿಸಿದೆ. ಹುಣಸೆಹಣ್ಣು ತಾಮ್ರದ ಚೊಂಬಿನ ಕಿಲುಬು ಬಿಡಿಸುವುದಿಲ್ಲವೇ, ಹಾಗೆ ಆ ಹುಳಿ ಕಬ್ಬಿಣದ ಹಿಡಿತ ಸಡಿಲಿಸಿತು. ಬೂಷ್ಟಿನಂಥ ಸಣ್ಣ ಎಳೆಗಳು ಬೇರಿಗೆ ಅಂಟಿಕೊಂಡು, ನನಗೆ ಎಟುಕದ ಕಡೆಯಿಂದಲೂ ಚೂರುಚೂರು ತಂದುಕೊಟ್ಟವು. ಬದಲಿಗೆ ನಾನು ಎಲೆಯಲ್ಲಿ ಮಾಡಿದ ಸಿಹಿಯನ್ನು ಅವಕ್ಕೆ ಕೊಟ್ಟೆ. ಇದೆಲ್ಲ ನಿಧಾನದ ಕೆಲಸ. ಮೇಲಿನಿಂದ ನೋಡುವವರಿಗೆ ಕಾಣದ ಕೆಲಸ.

ಪಿಳ್ಳಪ್ಪ ಮೇಲಿನಿಂದ ನೋಡುವವನು. ಮುನಿವೆಂಕಟಮ್ಮನ ಮೈದುನ, ಆಳು ಗಿಡ್ಡ, ಮಾತು ಜೋರು. ಅಣ್ಣ ತೀರಿಕೊಂಡ ಮೇಲೆ ಹೊಲದಲ್ಲಿ ಅವನದೇ ಮಾತು. ಸುತ್ತಲ ದಿಣ್ಣೆಗಳೆಲ್ಲ ನೀಲಗಿರಿ ತೋಪಾಗುತ್ತಿದ್ದ ಕಾಲ ಅದು. ಅವನೂ ಸಸಿ ತಂದು ಹೊಂಗೆ ಮರದ ನೆರಳಿನಲ್ಲಿ ಇಳಿಸಿದ್ದ. ನೀಲಗಿರಿ ಬೇರೂರಿದ ನೆಲದಲ್ಲಿ ಮತ್ತೆ ಕಾಳು ಬೆಳೆಯುವುದು ಕಷ್ಟ. ಆ ಮನೆಯ ಸಾರಿಗೆ ಬೇಳೆ ಬರುತ್ತಿದ್ದದ್ದು ಈ ದಿಣ್ಣೆಯೊಂದರಿಂದಲೇ.

ರಾಗಿ ಕೊಯ್ಲಾಯಿತು. ಬಯಲಾದ ಹೊಲದಲ್ಲಿ ನಾವು ಮೊಣಕಾಲೆತ್ತರದ ಬಡಕಲು ಗಿಡಗಳು ಎದ್ದು ಕಂಡೆವು. ಹಸಿ ಆರುವ ಮೊದಲೇ ಸಸಿ ನೆಡಬೇಕೆಂದು ಪಿಳ್ಳಪ್ಪ ಟ್ರ್ಯಾಕ್ಟರ್ ಕರೆಸಿದ. ಅದು ಬದುವಿನ ಹತ್ತಿರ ಗುಡುಗುಡು ಅನ್ನುತ್ತ ನಿಂತಿತು. ಆ ನಡುಕ ನೆಲದೊಳಗೆ ನನ್ನ ಬೇರಿಗೂ ತಾಕುತ್ತಿತ್ತು.

“ನೋಡತ್ಗೆ, ಇದೇನಾ ನಿನ್ನ ತೊಗರಿ?” ಎನ್ನುತ್ತ ಪಿಳ್ಳಪ್ಪ ನನ್ನ ಪಕ್ಕದ ಗಿಡವನ್ನು ಹಿಡಿದು ಜಗ್ಗಿದ. ಪಟ್ಟೆಂದಿತು. ಗೇಣುದ್ದದ ಬೇರು ಅವನ ಕೈಗೆ ಬಂತು. “ಬೇರೇ ಇಳ್ದಿಲ್ಲ. ನೆಲ್ದಾಗೆ ಸತ್ವ ಇದ್ರೆ ತಾನೆ ಇಳಿಯಾದು?”

“ಜಗ್ಗಿದ್ದಕ್ಕೆ ತುಂಡಾಗೈತೆ. ಕೀಳ್ಬೇಡ ಕಣಪ್ಪ, ಅಗ್ದು ನೋಡು.”

“ಅಗಿಯಾಕೆ ನಾನೇನು ನಿಧಿ ಹುಡುಕ್ತಿದ್ದೀನಾ?”

“ಏನಣ್ಣಾ, ಉಳೋದಾ ಬೇಡ್ವಾ? ಡೀಸಲ್ ಸುಮ್ನೆ ಉರೀತೈತೆ!” ಟ್ರ್ಯಾಕ್ಟರಿನವನು ಕೂಗಿದ.

ಮುನಿವೆಂಕಟಮ್ಮ ಗುದ್ದಲಿ ಎತ್ತಿಕೊಂಡು ನೇರ ನನ್ನ ಬುಡಕ್ಕೆ ಬಂದಳು. “ಇದ್ರ ಬೇರು ಮೊಣಕೈ ಆಳಕ್ಕೆ ನಿಂತ್ರೆ ನೀನೇ ಗೆದ್ದೆ. ನಿನ್ನ ನೀಲಗಿರೀನ ನಾನೇ ನೆಡ್ತೀನಿ. ಇನ್ನೂ ಕೆಳಕ್ಕೆ ಇಳ್ದಿದ್ರೆ ಟ್ರ್ಯಾಕ್ಟರ್ ವಾಪಸ್ ಕಳ್ಸು.”

ದನಿಯೇನೋ ಗಟ್ಟಿಯಾಗಿತ್ತು. ಬೇರು ಎಲ್ಲಿಯವರೆಗೆ ಹೋಗಿದೆಯೆಂದು ಅವಳಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಮೊದಲ ಏಟಿಗೇ ನನ್ನ ಪಕ್ಕದ ಬೇರೊಂದು ಕಡಿದುಹೋಯಿತು. ಆಮೇಲೆ ಇನ್ನೊಂದು. ಬಿಸಿಲಿಗೆ ಎಲೆಗಳು ಜೋತುಬಿದ್ದವು. ಪಿಳ್ಳಪ್ಪ ಬೀಡಿ ಹಚ್ಚಿ ನೋಡುತ್ತ ನಿಂತ. ಗುಂಡಿ ಮೊಣಕೈ ಆಳ ಮುಟ್ಟುತ್ತ ಬಂತು. ತಾಯಿಬೇರು ಇನ್ನೂ ಕೆಳಕ್ಕೆ ಇಳಿದಿತ್ತು. ಅಷ್ಟರಲ್ಲಿ ಗಟ್ಟಿ ಪದರಕ್ಕೆ ತಗುಲಿ ಗುದ್ದಲಿ ಠಣ್ ಅಂದಿತು.

“ಅಲ್ಲಿಗೆ ಮುಗೀತು ಬಿಡತ್ಗೆ” ಎಂದ ಪಿಳ್ಳಪ್ಪ.

ಅವಳು ಮಂಡಿಯೂರಿ ಉಗುರಿನಲ್ಲಿ ಹರಳು ಕೆದಕಿದಳು. ಬೇರು ಅಲ್ಲಿ ನಿಂತಿರಲಿಲ್ಲ. ಪದರದ ಬಿರುಕಿನೊಳಗೆ ನುಗ್ಗಿತ್ತು. ಪಿಳ್ಳಪ್ಪ ಬೀಡಿ ಎಸೆದು ಬೋರಲು ಮಲಗಿ ಗುಂಡಿಗೆ ತೋಳು ಇಳಿಬಿಟ್ಟ. ಬಿರುಕಿನಲ್ಲಿ ತಡಕಿದ. ಬೆರಳಿಗೆ ತುದಿ ಸಿಗಲಿಲ್ಲ.

“ಇನ್ನೂ ಹೋಗೈತೆ” ಎಂದ, ದನಿ ತಗ್ಗಿಸಿ. ಸೋತದ್ದು ಗೊತ್ತಾಗಬಾರದಲ್ಲ, ಆಮೇಲೆ ನಕ್ಕ: “ನನ್ನಂಗೇ! ಮೇಲೆ ಗಿಡ್ಡ, ಒಳಗೆ ಗಟ್ಟಿ.”

“ನಿನ್ನಂಗಲ್ಲ. ಇದು ದುಡೀತೈತೆ.”

ಟ್ರ್ಯಾಕ್ಟರ್ ಬಂದ ದಾರಿಯಲ್ಲೇ ಹೋಯಿತು. ಮುನಿವೆಂಕಟಮ್ಮ ಗುಂಡಿಗೆ ಮಣ್ಣು ಎಳೆದು, ಕಾಲಿನಿಂದ ಒತ್ತಿ, ತಾನು ಕುಡಿಯಲು ತಂದಿದ್ದ ನೀರನ್ನು ನನಗೆ ಸುರಿದಳು.

ಅಗೆಯದೆ ಉಳಿದ ಗಿಡಗಳು ಆಮೇಲೆ ಎದೆಯುದ್ದ ಬೆಳೆದವು. ಹಳದಿ ಹೂ ತುಂಬಿ ಗೊಂಚಲು ಗೊಂಚಲು ಕಾಯಿ ಕಚ್ಚಿದವು. ಹೊಂಗೆ ಮರದಡಿಯ ಸಸಿಗಳನ್ನು ಯಾರೋ ಕೇಳಿಕೊಂಡು ಬಂದು ಒಯ್ದರು, ಪಿಳ್ಳಪ್ಪ ಬೇಡವೆನ್ನಲಿಲ್ಲ. ನಾನು ಮಾತ್ರ ಚೇತರಿಸಿಕೊಳ್ಳಲಿಲ್ಲ. ಒಂದು ಮಗ್ಗುಲು ಒಣಗಿತು. ಕಾಯಿ ಬಿಟ್ಟದ್ದು ಬೆರಳೆಣಿಕೆಗೆ.

ಕೊಯ್ಲಿಗೆ ಬಂದ ಪಿಳ್ಳಪ್ಪ ಕುಡುಗೋಲು ಹಿಡಿದು ನನ್ನೆದುರು ಬಗ್ಗಿ ಒಣಗಿದ ಮಗ್ಗುಲು ಸವರಿದ. “ಪಾಪ, ಸಾಕ್ಷಿ ಹೇಳಕ್ಕೆ ಬಂದು ಇದೇ ಏಟು ತಿಂತಲ್ಲ ಅತ್ಗೆ.”

ಈಗ ನಾನು ಅವರ ಒಲೆಯ ಪಕ್ಕದ ಕಡ್ಡಿಕಟ್ಟಿನಲ್ಲಿದ್ದೇನೆ. ಇವತ್ತೋ ನಾಳೆಯೋ ಉರಿಯುತ್ತೇನೆ. ಬೇಸರವಿಲ್ಲ, ಕಾಣದ್ದನ್ನು ತೋರಿಸಬೇಕಾದಾಗ ಯಾರಾದರೂ ಒಬ್ಬರು ಕಡಿಸಿಕೊಳ್ಳಬೇಕಾಗುತ್ತದೆ. ಬೇರು ದಿಣ್ಣೆಯಲ್ಲೇ ಉಳಿದಿದೆ. ಅದು ಕೊಳೆತ ಹಾಗೆಲ್ಲ ಬಿಡಿಸಿಕೊಂಡ ಸತ್ವ ಮಣ್ಣಿಗೆ ಸೇರುತ್ತದೆ, ಅದು ಕೊರೆದ ದಾರಿ ಹಿಡಿದು ಮುಂದಿನ ಬೆಳೆ ಕೆಳಗಿಳಿಯುತ್ತದೆ. ಅದರ ತುದಿಯನ್ನು ಮಾತ್ರ ಇವತ್ತಿನವರೆಗೂ ಯಾರೂ ಕಂಡಿಲ್ಲ.