ನಿಂತವಳಿಗೆ ಮಡಿಲಿಲ್ಲ

"ಏಯ್! ಅಲ್ಲೆಂತ ಹೆರಕ್ಕೆ ಕೂತಿದೀಯನೇ? ಎದ್ದೇಳೇ ಮೇಲೆ!"

ಬೈಗುಳ ಸೂರಿನಿಂದ ಬಿತ್ತು. ಸೀರೆ ಅಂಗಡಿಯ ಗೋದಾಮಿನ ಮೂಲೆಯಲ್ಲಿದ್ದ ಬಿಳಿ ಕ್ಯಾಮರಾಕ್ಕೆ ಕಣ್ಣಿನ ಜೊತೆ ಬಾಯಿಯೂ ಇತ್ತು. ಮಾಲೀಕ ಹೇರಂಬ ಮುಂದೆ ಗಲ್ಲಾದಲ್ಲಿ, ತಿರುಗುವ ಕುರ್ಚಿಯ ಮೇಲೆ ಕೂತು ಮೊಬೈಲಿನಲ್ಲಿ ನೋಡುತ್ತಿದ್ದ. ಅಲ್ಲಿಂದಲೇ ಬೈಯುತ್ತಿದ್ದ. ಲಿಖಿತಾ ಇನ್ನೂ ಸರಿಯಾಗಿ ಕೂತೂ ಇರಲಿಲ್ಲ. ಬಟ್ಟೆಯ ಗಂಟಿನ ಅಂಚಿಗೆ ಕುಂಡಿ ತಾಗಿಸಿದ್ದಳು, ಅಷ್ಟೆ.

"ಮೀನಖಂಡ ಹಿಡ್ಕಂಡ್ಬಿಡ್ತು ಸರ್. ಒಂದ್ ನಿಮಿಷ..."

"ನಿಮಿಷ ನಿಮಿಷಕ್ಕೂ ಕೂರಕ್ಕೆ ನಿನ್ನಪ್ಪನ ಮನೆಯನೇ ಇದು? ಹೊಟ್ಟೆ ಮಾಡ್ಕಂಡಿದ್ದು ನನ್ನ ಕೇಳಿ ಮಾಡ್ಕಂಡ್ಯಾ? ಕಾಟನ್ ಸೀರೆ ತಗಂಬಾ ಅಂದು ಎಷ್ಟೊತ್ತಾಯ್ತು!"

ಲಿಖಿತಾ ಕಪಾಟು ಹಿಡಿದು ಎದ್ದಳು. ಆರನೇ ತಿಂಗಳು. ಹೊಕ್ಕುಳು ಹೊರಗೆ ಬಂದಿತ್ತು. ಅದರ ಕೆಳಗೆ ಯಾರೋ ಇದ್ದಿಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆಯೊಂದು ಮೂಡಿತ್ತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಸಂಜೆಯಾದರೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತು ಹೋಗುತ್ತಿತ್ತು. ಅಂಗಡಿಯವರು ಕೊಟ್ಟ ಮರೂನ್ ಬಣ್ಣದ ಯೂನಿಫಾರಂ ರವಿಕೆಯ ಹೊಲಿಗೆಯನ್ನು ಅತ್ತೆ ಎರಡು ಸಲ ಬಿಚ್ಚಿ ಸಡಿಲ ಮಾಡಿದ್ದಳು, ಇನ್ನು ಬಿಚ್ಚಲು ಬಟ್ಟೆ ಉಳಿದಿರಲಿಲ್ಲ.

ತೀರ್ಥಹಳ್ಳಿಯ ಪೇಟೆಯಲ್ಲಿ ಆ ಅಂಗಡಿಗೆ ದೊಡ್ಡ ಹೆಸರು. ಒಳಗೆ ಬಂದವರಿಗೆಲ್ಲ ಕುರ್ಚಿ ಉಂಟು, ಬಾದಾಮಿ ಹಾಲು ಉಂಟು, ಸೀರೆ ಹರಡುವುದಕ್ಕೆ ಹಾಲಿನಂಥ ಬಿಳಿ ಗಾದಿ ಉಂಟು. ಸೀರೆ ತೋರಿಸುವ ಹೆಂಗಸರಿಗೆ ಮಾತ್ರ ಕೂರುವುದಕ್ಕೆ ಮೂರು ಕಾಲಿನ ಸ್ಟೂಲೂ ಇಲ್ಲ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತಿರಬೇಕು. ಕೆಲಸಕ್ಕೆ ಸೇರಿದ ದಿನವೇ ಹೇರಂಬ ಅವಳಿಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟಿದ್ದ: "ಗಿರಾಕಿ ಊರು ಕೇಳಿದ್ರೆ ಕೋಣಂದೂರು ಅನ್ನು. ಯಾರ ಮನೆ ಅಂತ ಕೇಳಿದ್ರೆ ನಕ್ಕು ಇನ್ನೊಂದು ಸೀರೆ ಬಿಚ್ಚು. ನಂಗೆ ಜಾತಿಗೀತಿ ಎಲ್ಲ ಇಲ್ಲ ಮಾರಾಯ್ತಿ. ವ್ಯಾಪಾರ ನೋಡು, ಅದಕ್ಕೆ."

ಲಿಖಿತಾ ಎರಡು ವರ್ಷ ನಕ್ಕಿದ್ದಳು.

ಕಾಟನ್ ಸೀರೆ ಹೊತ್ತು ಹೊರಗೆ ಬಂದಾಗ ಜಿನಶ್ರೀ ಅರ್ಧ ಹೊರೆ ಇಳಿಸಿಕೊಂಡಳು. ಪೇಟೆಯ ಬಸದಿಯ ಹಿಂದಿನ ಬಾಡಿಗೆ ಮನೆಯವಳು. ಇಲ್ಲಿ ನಿಲ್ಲಲು ಶುರುಮಾಡಿ ಒಂಬತ್ತು ವರ್ಷ. ಅವಳ ಮೊಣಕಾಲಿನ ಹಿಂದೆ ನೀಲಿ ನರಗಳು ಎರೆಹುಳುಗಳಂತೆ ಗಂಟು ಹಾಕಿಕೊಂಡಿದ್ದವು.

"ಕಾರ್ಡ್ ತೋರ್ಸಿದ್ಯನೇ ಅವ್ರಿಗೆ?"

"ತೋರ್ಸ್ದೆ ಅಕ್ಕಾ. ಒಂದು ಸ್ಟೂಲ್ ಹಾಕ್ಸಿ ಅಂದೆ. ಸ್ಟೂಲ್ ಕೊಟ್ರೆ ನಾಳೆ ಮಂಚ ಕೇಳ್ತೀರಿ ಅಂದ್ರು."

"ಕೇರಳದಲ್ಲಿ ಕೂರಕ್ಕೆ ಕಾನೂನು ಮಾಡಿದಾರಂತೆ ಅಂತ ನಾನೂ ಹೋದ್ ವರ್ಷ ಹೇಳಿದ್ದೆ. ಹಂಗಾರೆ ಕೇರಳಕ್ಕೇ ಹೋಗಿ ಕೂರು ಅಂದ, ಬೇವರ್ಸಿ."

ತಾಯಿ ಕಾರ್ಡಿನಲ್ಲಿ ಸರ್ಕಾರಿ ಡಾಕ್ಟರಮ್ಮ ಕೆಂಪು ಪೆನ್ನಿನಲ್ಲಿ ಎಚ್ಚರಿಕೆ ಬರೆದಿದ್ದರು. ಐದನೇ ತಿಂಗಳ ಸ್ಕ್ಯಾನಿಂಗಿಗೆ ಹೋದಾಗ ಅತ್ತೆ ಕೆರಿಯಮ್ಮನೂ ಜೊತೆಯಲ್ಲಿದ್ದಳು.

"ಮಾಸು ಕೆಳಗೆ ಕೂತಿದೆ. ಹೊಟ್ಟೆ ಬೆಳೆದ ಹಾಗೆ ಮೇಲೆ ಹೋಗಬಹುದು. ಅಲ್ಲೀತನಕ ಭಾರ ಎತ್ತಬಾರದು, ತುಂಬ ಹೊತ್ತು ನಿಲ್ಲಬಾರದು. ಒಂದು ಹನಿ ರಕ್ತ ಕಂಡರೂ ತಕ್ಷಣ ಬರಬೇಕು. ತಡ ಮಾಡಿದರೆ ಮಗು ಉಳಿಯೋದಿಲ್ಲ, ನೀನೂ ಉಳಿಯೋದಿಲ್ಲ" ಎಂದಿದ್ದರು ಡಾಕ್ಟರಮ್ಮ.

"ಅದಾರೂ ಕೂತಿದೆಯಲ್ಲ ತಾಯೀ" ಅಂದಿದ್ದಳು ಕೆರಿಯಮ್ಮ. "ನನ್ನ ಸೊಸೆಗೆ ಕೂರಕ್ಕೆ ಬಿಡದಿಲ್ಲ ಆ ಬೋಳಿಮಗ."

ಡಾಕ್ಟರಮ್ಮ ನಕ್ಕಿರಲಿಲ್ಲ.

ಅವತ್ತಿನಿಂದ ಲಿಖಿತಾ ಪ್ರತಿ ಸಲ ಬಚ್ಚಲಿಗೆ ಹೋದಾಗಲೂ ಲಂಗ ತಿರುವಿ ನೋಡುತ್ತಿದ್ದಳು. ಕೆಲಸ ಬಿಟ್ಟರೆ ಬಿಟ್ಟ ಹಾಗೇ. ಹೆರಿಗೆಯಾದ ಮೇಲೆ ಆ ಜಾಗದಲ್ಲಿ ಇನ್ನೊಬ್ಬಳು ನಿಂತಿರುತ್ತಾಳೆ. ಆಮೇಲೆ ಇರುವುದು ಅತ್ತೆ ಮೈ ಸವೆಸಿದ ಗದ್ದೆ ಕೆಲಸವೇ. ಬಗ್ಗಿ ದುಡಿಯುವ ಕೂಲಿ ಬೇಡವೆಂದೇ ಅಪ್ಪ ಅವಳನ್ನು ಪಿಯುಸಿಯವರೆಗೆ ಓದಿಸಿದ್ದ. "ನಾವು ಬಗ್ಗಿ ಬಗ್ಗಿ ಸತ್ವಿ, ನೀವು ನಿಂತು ನಿಂತು ಸಾಯ್ತೀರಿ. ಕೂತು ಬದುಕದು ನಮ್ ಹಣೇಲಿ ಯಾವಾಗ ಬರೀತಾನೋ" ಅನ್ನುತ್ತಿದ್ದಳು ಕೆರಿಯಮ್ಮ, ಸೊಸೆಯ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತ.

ಆದರೂ ಕೆರಿಯಮ್ಮ ತಯಾರಿಯಲ್ಲಿ ಹಿಂದೆ ಬಿದ್ದಿರಲಿಲ್ಲ. ತನ್ನ ಹಳೇ ನೂಲಿನ ಸೀರೆಗಳನ್ನು ಹಂಡೆಯಲ್ಲಿ ಕುದಿಸಿ, ಒಣಗಿಸಿ, ಮಗುವಿಗೆ ಸುತ್ತುವ ಬಟ್ಟೆಯೆಂದು ಹರಿದಿಟ್ಟಿದ್ದಳು. ಬರುವ ಭಾನುವಾರ ಮಡಿಲು ತುಂಬುವುದೆಂದು ನಿಶ್ಚಯ ಮಾಡಿದ್ದಳು. ಹೋದ ರಾತ್ರಿ ಲಿಖಿತಾ ಒಲೆಯ ಮುಂದೆ ನಿಂತೇ ಸೆರಗು ಹಿಡಿದು, "ಹಿಂಗೆ ಹಿಡ್ಕಂಡ್ರೆ ಸಾಕಾ ಅತ್ತೇ?" ಎಂದು ತಮಾಷೆಗೆ ಕೇಳಿದ್ದಳು.

"ಥೂ, ನಿಂತೋಳಿಗೆ ಎಂತ ಮಡ್ಲೇ?" ಎಂದು ಮುದುಕಿ ಗದರಿದ್ದಳು. "ಎದ್ದು ನಿಂತ್ರೆ ಮಡ್ಲು ಎಲ್ಲಿರ್ತದೆ ನೋಡ್ಕ. ಕೂತ್ರೇ ಅದು ಬರದು. ಮಣೆ ಮ್ಯಾಲೆ ಕೂರಬೇಕು, ಐದು ಜನ ಬಂದು ತುಂಬಬೇಕು. ಮಗೀಗೆ ಗೊತ್ತಾಗ್ತದೆ, ತನಗೊಂದು ಜಾಗ ಐತೆ ಅಂತ."

ಲಿಖಿತಾ ತನ್ನ ಮೈಯನ್ನೇ ನೋಡಿಕೊಂಡಿದ್ದಳು. ಹೌದಲ್ಲ! ನಿಂತರೆ ಹೊಟ್ಟೆಯಿದೆ, ತೊಡೆಯಿದೆ, ಮಡಿಲು ಇಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕಾರು ನಿಂತಿತು. ಇಳಿದವರು ಯಮುನಮ್ಮ. ಮಂಡಗದ್ದೆಯ ಕಡೆಯ ದೊಡ್ಡ ಕುಳ. ಅವರ ಮಾವ ಒಂದು ಕಾಲದಲ್ಲಿ ಒಡೆಯರ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ ಗೇಣಿದಾರ. ಉಳುವವನೇ ಒಡೆಯ ಎಂದಾದ ಮೇಲೆ ಗದ್ದೆ ಇವರದಾಯಿತು, ಅಂಗಳವೂ ಇವರದಾಯಿತು. ಆ ಅಂಗಳದಲ್ಲಿ ನಿಲ್ಲುವವರು ಮಾತ್ರ ಬೇರೆಯಾದರು.

ಹೇರಂಬ ತಿರುಗುವ ಕುರ್ಚಿಯಿಂದ ಎದ್ದೇ ಬಂದ. "ಬನ್ನಿ ಬನ್ನಿ ಯಮುನಕ್ಕ! ಕೂತ್ಕಳಿ. ಏ ಜಿನಶ್ರೀ, ಹಾಲು ತಗಂಬಾ."

"ಸೊಸೆ ಸೀಮಂತಕ್ಕೆ ಹಸಿರು ರೇಷ್ಮೆ ನೋಡ್ಬೇಕಿತ್ತು ಹೇರಂಬಣ್ಣ. ಅವ್ಳನ್ನೂ ಕರ್ಕಂಡ್ ಬರ್ತಿದ್ದೆ, ಪಾಪ ಕಾಲು ಸ್ವಲ್ಪ ಊದ್ಕಂಡದೆ. ಡಾಕ್ಟ್ರು ಕೂತಲ್ಲಿಂದ ಏಳ್ಬಾರ್ದು ಅಂದಿದಾರೆ. ಉಟ್ರೆ ಹೆಂಗೆ ಕಾಣ್ತದೆ ಅಂತ ಗೊತ್ತಾಗದು ಹೆಂಗೆ ಅಂತಲೇ ಯೋಚ್ನೆ. ಹೊಟ್ಟೆ ಬೇರೆ ಬಂದದೆ ನೋಡಿ."

ಹೇರಂಬನ ಮುಖ ಅರಳಿತು. ಎರಡು ತಿಂಗಳಿಂದ ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಗೋದಾಮಿಗೆ ತಳ್ಳಿದ್ದ ಹೊಟ್ಟೆ ಅವನಿಗೆ ಈಗ ನೆನಪಾಯಿತು.

"ಅದಕ್ಕೆಂತ ಯೋಚ್ನೆ? ಏ ಲಿಖಿತಾ, ಬಾರೇ ಇಲ್ಲಿ! ನೋಡಿ ಯಮುನಕ್ಕ, ಆರು ತಿಂಗ್ಳು. ಅಳತೆ ಸಮ ಆಗ್ತದೆ."

ಲಿಖಿತಾ ಬೊಂಬೆಯಾದಳು. ಜಿನಶ್ರೀ ಯೂನಿಫಾರಂ ಸೀರೆಯ ಮೇಲೇ ರೇಷ್ಮೆ ಸುತ್ತಿ, ನೆರಿಗೆ ಹಿಡಿದು, ಕ್ಲಿಪ್ಪು ಹಾಕುವಳು. ಯಮುನಮ್ಮ ಮೊಬೈಲ್ ಹಿಡಿದು ಮನೆಯಲ್ಲಿರುವ ಸೊಸೆಗೆ ವಿಡಿಯೋದಲ್ಲಿ ತೋರಿಸುವರು. ಸೊಸೆ ದಿಂಬಿಗೆ ಒರಗಿ, ಕಾಲು ಚಾಚಿ, ಕಿತ್ತಳೆ ತೊಳೆ ಬಾಯಿಗಿಡುತ್ತ, "ಸೈಡಿಗೆ ತಿರುಗ್ಸಿ ಅತ್ತೆ" ಅನ್ನುವಳು. "ಇದ್ರಲ್ಲಿ ದಪ್ಪ ಕಾಣ್ತದೆ, ಬೇರೆ" ಅನ್ನುವಳು. ಆರು ಸೀರೆ ಆಯಿತು, ಎಂಟು ಆಯಿತು. ಲಿಖಿತಾಳ ಸೊಂಟದ ಕೆಳಗೆ ಎರಡೂ ಕಡೆ ಯಾರೋ ಹಗ್ಗ ಕಟ್ಟಿ ಜಗ್ಗಿದಂತೆ ನೋವು.

"ಸರ್, ಒಂದ್ ಗಳಿಗೆ ಕೂರ್ತೀನಿ."

"ಕೂತ್ರೆ ನೆರಿಗೆ ಹಾಳಾಗ್ತದೆ. ಹೊಟ್ಟೆ ಸ್ವಲ್ಪ ಮುಂದೆ ಮಾಡು."

ಒಂಬತ್ತನೆಯದು ಗಿಳಿಹಸಿರು, ಕೆಂಪು ಅಂಚು. ಅದನ್ನು ಸುತ್ತಿ ನಿಲ್ಲಿಸಿದಾಗ ಸ್ವತಃ ಜಿನಶ್ರೀ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಆಗಲೇ ಒಳಗಿನ ಕೂಸು ಒದೆಯಿತು. ರೇಷ್ಮೆಯ ಮೇಲೇ ಕಾಣುವಂತೆ ಒದೆಯಿತು.

"ಅಯ್ಯೋ, ಆಡ್ತಾ ಅದೆ!" ಎಂದು ಯಮುನಮ್ಮ ಎದ್ದು ಬಂದು ಲಿಖಿತಾಳ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಮುಖ ಮೆತ್ತಗಾಯಿತು. "ಗಂಡೇ ಇರ್ಬೇಕು. ಎಷ್ಟು ಜೋರು ನೋಡು! ಮಡ್ಲು ತುಂಬಿದ್ರನೇ?"

ಎಷ್ಟು ದಿನವಾಗಿತ್ತೋ ಈ ಅಂಗಡಿಯಲ್ಲಿ ಯಾರಾದರೂ ಹೀಗೆ ಕೇಳಿ. ಲಿಖಿತಾ ಕರಗಿಬಿಟ್ಟಳು. ಪಾಠ ಮರೆತಳು.

"ಬರೋ ಭಾನುವಾರ ಅಮ್ಮಾ. ನಮ್ಮತ್ತೆ ತುಂಬ್ತಾರೆ. ನಿಮ್ಗೆ ಗೊತ್ತು ಅವ್ರು, ನಿಮ್ಮ ಗದ್ದೆ ನಟ್ಟಿಗೆ ಬರ್ತಿದ್ರು. ಕೆರಿಯಮ್ಮ."

ಅಂಗೈ ಹೊಟ್ಟೆಯ ಮೇಲೆ ಇನ್ನೂ ಇತ್ತು.

"ಯಾವ ಕೆರಿಯಮ್ಮ? ಕಾಲನಿ ಕೆರಿಯಮ್ಮನಾ?"

"ಹೌದಮ್ಮ."

ಅಂಗೈ ಹೋಯಿತು. ಬಿಸಿ ಬಾಣಲೆಯಿಂದ ತೆಗೆದ ಹಾಗೆ ಹೋಯಿತು. ಯಮುನಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕುರ್ಚಿಯ ಬೆನ್ನು ಹಿಡಿದರು. ಆಮೇಲೆ ಆ ಕೈಯನ್ನೂ ಕುರ್ಚಿಯಿಂದ ತೆಗೆದು ಗಾಳಿಯಲ್ಲೇ ಇಟ್ಟುಕೊಂಡರು.

"ಹೇರಂಬಣ್ಣ, ಕೈ ತೊಳಿಯಕ್ಕೆ ಎಲ್ಲದೆ?"

ತೊಳೆದು ಬಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. "ಅಲ್ಲ, ಬಣ್ಣ ಎಲ್ಲ ಚಂದನೇ ಅದೆ. ಆದ್ರೆ ಒಬ್ಬ ಬಸುರಿ ಮೈಗೆ ತಾಗಿದ್ದು ಇನ್ನೊಬ್ಬ ಬಸುರಿಗೆ ಆಗಿ ಬರದಿಲ್ಲ ಅಂತ ನಮ್ ಕಡೆ ಹೇಳ್ತಾರೆ. ಇದೇ ಬಣ್ಣದ್ದು ಮಡಿಕೆ ಬಿಚ್ಚದಿದ್ದು ಇದ್ರೆ ಕೊಡಿ. ಇಲ್ದಿದ್ರೆ ಶಿವಮೊಗ್ಗಕ್ಕೆ ಹೋಗ್ತೀವಿ."

ಅರ್ಧ ಗಂಟೆಯ ಹಿಂದೆ ಆಗಿ ಬರುತ್ತಿದ್ದುದು ಈಗ ಆಗಿ ಬರದೆ ಹೋಯಿತು. ಆ ಬಣ್ಣದಲ್ಲಿ ಅದೊಂದೇ ಸೀರೆ ಇತ್ತು.

ಹೇರಂಬ ಲಿಖಿತಾಳ ಕಡೆ ತಿರುಗಿದಾಗ ಅವನ ಕತ್ತಿನ ನರ ಉಬ್ಬಿತ್ತು. "ನಿಂಗೆ ಬಾಯಿ ಮುಚ್ಕಂಡಿರಕ್ಕೆ ಎಂತ ರೋಗನೇ, ಹಲ್ಕಟ್ ಮುಂಡೆ? ಕೋಣಂದೂರು ಅನ್ನಕ್ಕೆ ನಾಲ್ಗೆ ಬಿದ್ದೋಗಿತ್ತಾ? ಒಂಬತ್ತು ಸೀರೆ ಹಾಳ್ ಮಾಡಿದ್ಯಲ್ಲೇ! ಬಿಚ್ಚು. ಬಿಚ್ಚೇ, ಇಲ್ಲೇ ಬಿಚ್ಚು!"

ಲಿಖಿತಾ ಸೆರಗಿನ ಕ್ಲಿಪ್ಪಿಗೆ ಕೈ ಹಾಕಿದಳು. ಎರಡು ವರ್ಷದ ಅಭ್ಯಾಸ, ಹೇಳಿದ ತಕ್ಷಣ ಕೈ ತಾನಾಗಿ ಹೋಗುತ್ತದೆ. ಒಳಗೆ ಕೂಸು ಇನ್ನೊಮ್ಮೆ ಒದೆಯಿತು, ಕೆಳಗೆ, ಮಾಸು ಕೂತಿದೆಯೆಂದ ಕಡೆಗೆ. ಡಾಕ್ಟರಮ್ಮನ ಕೆಂಪು ಪೆನ್ನು ಕಣ್ಣೆದುರು ಬಂತು. ಅದರ ಹಿಂದೆಯೇ ಸಿಟ್ಟು ಬಂತು. ಎಲ್ಲಿತ್ತೋ ಇಷ್ಟು ದಿನ, ಊದಿದ ಪಾದದಿಂದಲೇ ಹತ್ತಿ ಬಂದಂತೆ ಬಂತು. ಥೂ ನಿಮ್ಮ! ಹೊಟ್ಟೆ ಬೇಕು, ಹೊಟ್ಟೆಯ ಅಳತೆ ಬೇಕು, ಹೊತ್ತವಳು ಬೇಡ.

ಕ್ಲಿಪ್ಪು ಬಿಟ್ಟಳು. ಮೆಟ್ಟಿಲಿನಷ್ಟು ಎತ್ತರದ ಬಿಳಿ ಗಾದಿಯ ಅಂಚಿಗೆ ಕೈಯೂರಿ, ನಿಧಾನವಾಗಿ, ಗಿಳಿಹಸಿರು ರೇಷ್ಮೆಯ ಸಮೇತ ಅದರ ಮೇಲೆ ಕೂತಳು. ಕಾಲು ಉದ್ದಕ್ಕೆ ಚಾಚಿದಳು. ಅಬ್ಬಾ ಅಂದಳು. ಸುತ್ತ ಹರಡಿದ್ದ ಎಂಟು ಸೀರೆಗಳ ನಡುವೆ ಅವಳ ಊದಿದ ಪಾದಗಳು ಎಲ್ಲರಿಗೂ ಕಂಡವು.

"ಏಯ್!"

"ಯಮುನಮ್ಮಾ" ಎಂದಳು ಲಿಖಿತಾ, ಸೆರಗನ್ನು ತೊಡೆಯ ಮೇಲೆ ಅಗಲಿಸುತ್ತ. "ಮಡ್ಲು ತುಂಬಿದ್ರಾ ಅಂತ ಕೇಳಿದ್ರಿ. ಈಗ ಕೂತಿದೀನಿ. ತುಂಬಿ."

ಯಮುನಮ್ಮ ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ಸೊಸೆ, "ಏನಾಯ್ತು ಅತ್ತೆ? ಆ ಹುಡುಗಿ ಯಾಕೆ ಕೂತ್ಲು?" ಎಂದು ಕೇಳುತ್ತಲೇ ಇದ್ದಳು.

ಶುಭಕಾರ್ಯದ ಸೀರೆ ಕೊಂಡವರಿಗೆ ಕೊಡಲೆಂದು ಗಲ್ಲಾದ ಪಕ್ಕದಲ್ಲಿ ತಟ್ಟೆಯೊಂದು ಸದಾ ಸಿದ್ಧವಿರುತ್ತಿತ್ತು: ಕಾಯಿ, ವೀಳ್ಯದೆಲೆ, ಅಡಿಕೆ, ಕುಂಕುಮ, ಒಂದು ರವಿಕೆ ಕಣ. ಜಿನಶ್ರೀ ಅದನ್ನೆತ್ತಿಕೊಂಡು ಬಂದಳು. ಒಂಬತ್ತು ವರ್ಷ ಅದನ್ನು ಗಿರಾಕಿಗಳಿಗೆ ಎತ್ತಿ ಕೊಟ್ಟ ಕೈ. ಲಿಖಿತಾಳ ಹಣೆಗೆ ಕುಂಕುಮ ಇಟ್ಟು, ತಟ್ಟೆಯನ್ನು ಅವಳ ಮಡಿಲಿಗೆ ಬಗ್ಗಿಸಿದಳು. ಕಾಯಿ ಹೊಟ್ಟೆಗೆ ತಾಗಿ ನಿಂತಿತು. ಆಮೇಲೆ ಜಿನಶ್ರೀ ತನ್ನ ನೀಲಿ ನರದ ಕಾಲುಗಳನ್ನು ಮಡಚಿ ಪಕ್ಕದಲ್ಲೇ ಕೂತಳು.

ಹೇರಂಬ ಗಾದಿಯ ಅಂಚಿನವರೆಗೆ ಬಂದ. ಕೈಯಲ್ಲಿ ಮೊಬೈಲಿತ್ತು, ಅಭ್ಯಾಸಬಲದಿಂದ ಅದಕ್ಕೇ ಕೂಗಿದ.

"ಎದ್ದೇಳೇ ಮೇಲೆ!"

ಮಾತು ಅವನ ಬಾಯಿಂದಲೂ ಬಂತು, ಹಿಂದಿನ ಗೋದಾಮಿನ ಸೂರಿನಿಂದಲೂ ಬಂತು. ಬಾಗಿಲಲ್ಲಿ ನಾಲ್ಕಾರು ಜನ ನಿಂತು ನೋಡತೊಡಗಿದರು. ಪೊಲೀಸಿಗೆ ಫೋನು ಮಾಡುತ್ತೇನೆಂದ, ಇವತ್ತಿಗೇ ಕೆಲಸ ಮುಗಿಯಿತೆಂದ, ಅಪ್ಪ ಅಮ್ಮ ಅಂತ ಇಬ್ಬರ ವಂಶವನ್ನೂ ಎಳೆದು ತಂದ. ಲಿಖಿತಾ ಮಡಿಲಿನ ಎಲೆಗಳನ್ನು ಒಂದೊಂದಾಗಿ ಸರಿಮಾಡಿಕೊಂಡಳು. ಆಮೇಲೆ ತಲೆಯೆತ್ತಿದಳು.

"ನಂಗೆ ಏಳಕ್ಕೆ ಆಗದಿಲ್ಲ ಸರ್. ನೀವೇ ಎಬ್ಸಿ."

ಒಂದು ಕೈಯನ್ನು ಅವನ ಕಡೆಗೆ ಚಾಚಿದಳು, ಇನ್ನೊಂದನ್ನು ಯಮುನಮ್ಮನ ಕಡೆಗೆ.

"ಮುಟ್ಟಿ ಎಬ್ಸಿ."

ಬೀದಿಯಲ್ಲಿ ಯಾವುದೋ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಅಂಗಡಿಯಲ್ಲಿ ಯಾರೂ ಕೈ ಮುಂದೆ ಮಾಡಲಿಲ್ಲ.