ಬಣ್ಣ ಸರಿಯಾದ ಮೇಲೆ

"ಅತ್ತಿಗೆ, ಆ ಕುರ್ಚಿ ಎತ್ಬೇಡಿ!" ಎಂದು ಮೈದುನ ಕೂಗುವ ಹೊತ್ತಿಗೆ ಟೈಲರಮ್ಮ ಅದನ್ನು ಬಾಗಿಲವರೆಗೆ ಎಳೆದು ತಂದಾಗಿತ್ತು.

"ಮತ್ತೆ ನಿಮ್ಮಣ್ಣನ್ನ ಎಲ್ಲಿ ಮಲಗಿಸ್ಲಿ? ಅಟ್ಟದ ಮೇಲಾ?"

"ಹಾಗಲ್ಲ... ಅಳತೆ ಮಾಡಿ ಇಟ್ಟ ಜಾಗ ಅದು. ಒಂದು ಬೆರಳು ಸರಿದ್ರೂ ಸೌಂಡ್ ಕೆಡುತ್ತೆ ಅಂತಿದ್ದ ಅಣ್ಣ."

"ಕೆಡ್ಲಿ ಬಿಡಿ. ಕೇಳೋನೇ ಹೋದ್ಮೇಲೆ ಏನಂತೆ."

ಕುರ್ಚಿಯ ನಾಲ್ಕು ಕಾಲು ಇದ್ದಲ್ಲಿ ನೆಲದ ಮೇಲೆ ಕಪ್ಪು ಟೇಪಿನ ಗುರುತುಗಳಿದ್ದವು. ಅದರಲ್ಲಿ ಅವಳು ಒಮ್ಮೆಯೂ ಕೂತವಳಲ್ಲ. ಕೂತರೆ ಮೆತ್ತೆ ತಗ್ಗುತ್ತದೆ, ಕಿವಿಯ ಎತ್ತರ ಬದಲಾಗುತ್ತದೆ ಎಂದು ಗಂಡನ ಕಟ್ಟಪ್ಪಣೆ. ಮನೆಯಲ್ಲಿ ಇದ್ದದ್ದರಲ್ಲಿ ದೊಡ್ಡ ಕೋಣೆ ಇದೊಂದೇ. ಮನೆಯಲ್ಲೇ ಥಿಯೇಟರ್ ಮಾಡುವ ಹುಚ್ಚಿಗೆ ಬಿದ್ದು ಅದರ ಗೋಡೆಗೆ ಬೂದು ಬಣ್ಣ ಬಳಿದು, ಕಿಟಕಿಗೆ ಕಪ್ಪು ಬಟ್ಟೆ ಹೊಡೆದು, ಮೂಲೆಗಳಿಗೆಲ್ಲ ಹಾಸಿಗೆ ದಪ್ಪದ ಫೋಮ್ ಅಂಟಿಸಿ, ಮನುಷ್ಯರು ಕಾಲಿಡದ ಹಾಗೆ ಮಾಡಿಟ್ಟಿದ್ದ. ಈಗ ಅದರ ನಡುವೆ ತಾನೇ ಮಲಗಿದ್ದ. ಅವನ ವಿಮಾ ಕಚೇರಿಯ ಸಹೋದ್ಯೋಗಿಗಳು ಆ ಮಬ್ಬಿನಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುತ್ತ ಒಳಗೆ ಬಂದು ನಿಂತರು.

ಗಂಡನ ಒಬ್ಬನೇ ಗೆಳೆಯ ಬಂದ. ಇವನಿಗೂ ಅದೇ ಹುಚ್ಚು. ಟೈಲರಮ್ಮ ಅವನಿಗೆ ಕಿವಿರಾಯ ಎಂದು ಹೆಸರಿಟ್ಟಿದ್ದಳು. ಕಿವಿರಾಯ ಹೆಣದ ಕಾಲ ಬಳಿ ನಿಂತು ಕಣ್ಣೊರೆಸಿಕೊಂಡ. ಆಮೇಲೆ ತಲೆಯೆತ್ತಿ ಸೂರು ನೋಡಿದ. ನೋಡಿ, ಚಟ್ಟನೆ ಒಂದು ಚಪ್ಪಾಳೆ ತಟ್ಟಿದ.

ಅಳುತ್ತಿದ್ದವರು ಅಳು ನಿಲ್ಲಿಸಿದರು.

"ಏನ್ರೀ ಅದು?" ಎಂದಳು ಟೈಲರಮ್ಮ.

"ಕ್ಷಮಿಸಿ, ಅಭ್ಯಾಸಬಲ. ಮಾರ್ದನಿ ಎಷ್ಟಿದೆ ಅಂತ ನೋಡ್ದೆ." ಅವನು ದನಿ ತಗ್ಗಿಸಿದ. "ಈ ಕೋಣೆ ಇಷ್ಟು ಚೆನ್ನಾಗಿ ಯಾವತ್ತೂ ಕೇಳ್ಸಿರ್ಲಿಲ್ಲ. ಜನ ತುಂಬಿದಾರಲ್ಲ, ಮೈ, ಬಟ್ಟೆ ಎಲ್ಲಾ ಸೇರಿ ಗುಂಯ್ಗುಡೋದನ್ನ ಹೀರ್ಕೊಂಡಿವೆ. ಪಾಪ, ಇದಕ್ಕೋಸ್ಕರ ಅವನು ಎಷ್ಟು ಫೋಮ್ ಅಂಟಿಸಿದ!"

"ಅಂದ್ರೆ ನಾಲ್ಕು ಜನರನ್ನ ಮನೆಗೆ ಕರೆದು ಕೂರಿಸಿದ್ರೆ ಸಾಕಿತ್ತಾ?"

ಕಿವಿರಾಯ ಪ್ರಾಮಾಣಿಕವಾಗಿ ಯೋಚಿಸಿದ. "ಒಂದು ರೀತೀಲಿ ಹೌದು."

ಎರಡನೇ ಚಪ್ಪಾಳೆ ಅವನ ಕೆನ್ನೆಯ ಮೇಲೆ ಬೀಳುವುದರಲ್ಲಿತ್ತು. ಮಗಳು ತಾಯಿಯ ಕೈ ಹಿಡಿದುಕೊಂಡಳು.

*

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ನಾಟಕದಲ್ಲಿ ನರಿಯ ಪಾತ್ರ ಮಾಡಿದ್ದಳು. ಟೈಲರಮ್ಮ ಕಿತ್ತಳೆ ಮಖಮಲ್ಲಿನ ಚೂರುಗಳನ್ನು ಸೇರಿಸಿ, ಒಳಗೆ ಹತ್ತಿ ತುಂಬಿ ಬಾಲ ಹೊಲಿದಿದ್ದಳು. ನಾಟಕದ ದಿನವೇ ಒಂದು ಮದುವೆಮನೆಯ ಬಟ್ಟೆ ಕೊಡಬೇಕಾಗಿ ಬಂದು ಹೊಲಿಗೆ ಯಂತ್ರ ಬಿಟ್ಟು ಏಳಲಾಗಲಿಲ್ಲ.

"ನಾನು ವಿಡಿಯೋ ತೆಗೀತೀನಲ್ಲ, ಮನೇಲೇ ನೋಡುವಿಯಂತೆ," ಎಂದಿದ್ದ ಗಂಡ.

ಮರುದಿನ ಕೇಳಿದರೆ ರಾಗ ಬದಲಾಗಿತ್ತು. "ಈ ಟಿವಿ ಸುಳ್ಳು ಹೇಳುತ್ತೆ ಕಣೇ. ಕಿತ್ತಳೆ ಬಣ್ಣ ಇಟ್ಟಿಗೆ ಥರ ಕಾಣುತ್ತೆ. ನೀನು ಅಷ್ಟು ಕಷ್ಟಪಟ್ಟು ಹೊಲಿದ ಬಾಲಕ್ಕೆ ಅವಮಾನ. ಬಣ್ಣ ಅಳೆಯೋ ಮೀಟರ್ ತಂದು ಸರಿ ಮಾಡಿ ತೋರಿಸ್ತೀನಿ."

ಮೀಟರ್ ಬಂತು. ಅದು ನಿಜ ಹೇಳುತ್ತದೋ ಇಲ್ಲವೋ ನೋಡಲು ಇನ್ನೊಂದು ಬಂತು. ಎರಡಕ್ಕೂ ತಾಳೆಯಾಗದೆ, ಪಂಚಾಯ್ತಿಗೆ ಮೂರನೆಯದು ಬಂತು. ಟಿವಿ ಹೋಗಿ ಪ್ರೊಜೆಕ್ಟರ್ ಬಂತು. ಚಿತ್ರ ಸರಿಯಾಯಿತು ಎನ್ನುವಷ್ಟರಲ್ಲಿ ಶಬ್ದ ಸರಿಯಿಲ್ಲವೆಂದು ಅಳತೆಯ ಮೈಕು ಬಂತು. ಕೊಕ್ಕರೆಯಂಥ ಆ ಮೈಕು ಕುರ್ಚಿಯಲ್ಲಿ ಕುಳಿತಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹೊಲಿಗೆ ಯಂತ್ರವೂ ಬಾಯಿ ಮುಚ್ಚಬೇಕು. ಸಂಜೆಯೆಲ್ಲ ಯಾವ ಮೀಟರ್ ವಾಸಿ, ಯಾವ ಮೈಕು ವಾಸಿ ಎಂದು ಫೋನಿನಲ್ಲಿ ಕಿವಿರಾಯನೊಂದಿಗೆ ಗುಸುಗುಸು. ಮಗಳು ತಾನು ಮೆಚ್ಚಿದ ಹುಡುಗನ ಫೋಟೋ ತಂದು ತೋರಿಸಿದರೆ, ಈ ಮಹಾನುಭಾವ ಹೇಳಿದ್ದು ಒಂದೇ ಮಾತು: "ಮುಖದಲ್ಲಿ ಹಸಿರು ಜಾಸ್ತಿಯಾಗಿದೆ."

ವಿಡಿಯೋ ಕೇಳಿದಾಗಲೆಲ್ಲ, "ಬಣ್ಣ ಸರಿಯಾದ ಮೇಲೆ." ಮೊದಮೊದಲು ಅವಳು ನಂಬಿದಳು. ಆಮೇಲೆ ಚುಚ್ಚಲೆಂದೇ ಕೇಳಿದಳು. ಕೊನೆಗೆ ಕೇಳುವುದು ಬಿಟ್ಟಳು, ಆಸೆ ಬಿಡಲಿಲ್ಲ.

*

ಸ್ಮಶಾನದಿಂದ ಮರಳಿದವರು ತಕ್ಷಣ ಎದ್ದುಹೋಗಲು ಸಂಕೋಚಪಟ್ಟು ಅದೇ ಕೋಣೆಯಲ್ಲಿ ಕುಳಿತಿದ್ದರು. ಮಗಳು ಅಪ್ಪನ ಕಪಾಟಿನಿಂದ ಆ ನಾಟಕದ ಡಿಸ್ಕ್ ತಂದಳು. "ಅಮ್ಮಾ, ಇವತ್ತು ನೋಡೇ ಬಿಡೋಣ."

"ಕುರ್ಚಿ ಜಾಗ ಬದಲಾಗಿದೆ," ಎಂದ ಕಿವಿರಾಯ. "ಮೊದಲು ಒಂದ್ಸಲ ಅಳತೆ..."

"ಕೂತ್ಕೊಳ್ರೀ ಸುಮ್ನೆ!"

ಟೈಲರಮ್ಮ ಕುರ್ಚಿಯನ್ನು ತನಗೆ ಬೇಕಾದಲ್ಲಿಗೆ ಎಳೆದುಕೊಂಡು ಕುಳಿತಳು. ಗೋಡೆಯ ತುಂಬ ಶಾಲೆಯ ವೇದಿಕೆ ಬೆಳಗಿತು. ಮೊಲಗಳು ಕುಣಿದವು. ಕಾಗದದ ಎಲೆಗಳ ಹಸಿರು ಈಗ ತಾನೇ ಚಿಗುರಿದಂತಿತ್ತು. ಇಷ್ಟು ಚೆನ್ನಾಗಿ ಕಾಣುತ್ತಲ್ಲೋ ಪಾಪಿ, ಇನ್ನೇನು ಬೇಕಿತ್ತು ನಿನಗೆ, ಎಂದುಕೊಂಡಳು.

ವೇದಿಕೆಯ ದೀಪ ನೀಲಿಗೆ ತಿರುಗಿ ಕಾಡಿನಲ್ಲಿ ರಾತ್ರಿಯಾಯಿತು.

"ಈಗ ನಾನು ಬರ್ತೀನಿ," ಎಂದಳು ಮಗಳು.

ಅಷ್ಟರಲ್ಲಿ ಗೋಡೆಯ ತುಂಬ ಒಂದು ಬೂದು ಕಾರ್ಡು ಬಂದು ನಿಂತಿತು. ಬಣ್ಣ ಹೊಂದಿಸಲು ಕ್ಯಾಮೆರಾದ ಮುಂದೆ ಹಿಡಿಯುತ್ತಿದ್ದ ಕಾರ್ಡು. ಅಂಚಿನಲ್ಲಿ ಗಂಡನ ಹೆಬ್ಬೆರಳು. "ಥತ್, ನೀಲಿ ಜಾಸ್ತಿಯಾಯ್ತು. ಒಂದ್ನಿಮಿಷ," ಎಂದು ಅವನದೇ ಪಿಸುದನಿ. ಕಾರ್ಡಿನ ಹಿಂದಿನಿಂದ ಪುಟ್ಟ ಹುಡುಗಿಯೊಬ್ಬಳು ಕೂಗಿದಳು: "ನಾನು ಈ ಕಾಡಿಗೇ ಜಾಣ ನರಿ!"

ಮಗು ಕೋಣೆಯಲ್ಲೇ ನಿಂತು ಕೂಗಿದಂತಿತ್ತು. ವಿಡಿಯೋದ ಜನ ಬಿದ್ದು ಬಿದ್ದು ನಕ್ಕರು.

"ನಾನು ಬಾಲ ಅಲ್ಲಾಡಿಸ್ದೆ, ಅದಕ್ಕೇ ನಗ್ತಿದಾರೆ," ಎಂದಳು ಮಗಳು.

ಕಾರ್ಡು ಕದಲಲಿಲ್ಲ. ನರಿ ಹಾಡಿತು, ಜಗಳವಾಡಿತು, ಬಿದ್ದು ಎದ್ದಿತು.

"ಮುಂದೆ ಬರುತ್ತೇನೋ," ಎಂದ ಮೈದುನ.

"ಬರಲ್ಲ," ಎಂದಳು ಟೈಲರಮ್ಮ. "ಇವನಿಗೆ ಅವತ್ತೇ ಗೊತ್ತಿತ್ತು. ತೆಗ್ದಿಲ್ಲ ಅಂತ ಒಂದು ಮಾತು ಹೇಳೋಕಾಗ್ದೆ ಈ ಮೀಟರ್‌ಗಳನ್ನೆಲ್ಲ ಪೇರಿಸಿದ. ಹೇಡಿ!"

ಅಷ್ಟರಲ್ಲಿ ಕಾರ್ಡು ಕೆಳಗಿಳಿಯಿತು. ಅವಳು ಕುರ್ಚಿಯ ತುದಿಗೆ ಸರಿದು ಕತ್ತು ಚಾಚಿದಳು. ವೇದಿಕೆಯ ಪರದೆ ಆಗಲೇ ಎರಡೂ ಕಡೆಯಿಂದ ಬಂದು ಕೂಡಿಕೊಂಡಿತ್ತು. ದೀಪಗಳು ಹತ್ತಿ, ಕೆಂಪು ಬಟ್ಟೆಯ ಒಂದೊಂದು ನೆರಿಗೆಯೂ ಎದ್ದು ಕಾಣುತ್ತಿತ್ತು.

"ಆಹಾ," ಎಂದ ಕಿವಿರಾಯ, ತಡೆಯಲಾರದೆ. "ಎಂಥಾ ಕೆಂಪು!"