ಸಿಂಕಿನಲ್ಲಿ ನಾದಿದ ಹಿಟ್ಟು

“ಎಂಟನೇ ಕ್ಲಾಸ ದಾಟದ ಮಗನ, ನನಗ ಬುದ್ಧಿ ಹೇಳ್ತಿ? ಸರಿ ಅತ್ತಾಗ!”

ನಾಶಿಕದಿಂದ ಬಂದ ಬೀಗರೆಲ್ಲ ಕೇಳುವಂತೆ ಸೋದರಮಾವ ರೇವಣಪ್ಪ ಗದರಿದಾಗ ಚನ್ನವೀರನ ಮೈಯೆಲ್ಲ ಉರಿದುಹೋಯಿತು. ಅವನು ಹೇಳಿದ್ದು ಇಷ್ಟೇ: “ಮಾಮಾ, ಸಿಂಕಿಗೆ ಕುದಿಯೋ ನೀರು ಹಾಕಬ್ಯಾಡ್ರಿ.”

ಮೊಬೈಲಿನಲ್ಲಿ ನೋಡಿದ್ದೇ ಸರಿಯೆಂದು ರೇವಣಪ್ಪ ಮೂರನೆಯ ಪಾತೇಲಿ ಕುದಿನೀರನ್ನೂ ಸುರಿದ. ಕಟ್ಟಿಕೊಂಡಿದ್ದ ಸಿಂಕು ಅಂಚಿನವರೆಗೆ ತುಂಬಿತು. ಸಂಭಾಜಿನಗರದ ಮಾವನ ಮನೆಯಲ್ಲಿ ಇಪ್ಪತ್ತು ಜನ ಉಂಡ ತಟ್ಟೆಗಳು ತೊಳೆಯದೆ ಬಿದ್ದಿದ್ದವು.

ಚನ್ನವೀರ ಅತ್ತ ಸರಿಯಲಿಲ್ಲ. ಸಾಲೆ ಬಿಟ್ಟಂದಿನಿಂದ ಅವನು ತಾಯಿಯ ಜೊತೆ ಕೂತು ಬಿಡಕಿನ್‌ನ ಕಾರ್ಖಾನೆ ಕೆಲಸಗಾರರಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಿದ್ದ. ಕುದಿನೀರು ಬಿದ್ದರೆ ಜೋಳದ ಹಿಟ್ಟು ಅಂಟಾಗಿ ಬಿಗಿದುಕೊಳ್ಳುತ್ತದೆಂಬುದು ಅವನ ಅಂಗೈಗೇ ಗೊತ್ತಿತ್ತು. ಅತ್ತೆ ಬೆಳಿಗ್ಗೆ ಹಿಟ್ಟು ನಾದಿದ ಪರಾತವನ್ನು ತೊಳೆದದ್ದು ಇದೇ ಸಿಂಕಿನಲ್ಲಿ.

ತಂಬಿಗೆಯಿಂದ ಬಿಸಿನೀರನ್ನು ಮೊಗೆದು ಹೊರಚೆಲ್ಲಿದ. ಕೆಳಗೆ ಬಕೆಟ್ ಇಟ್ಟು, ಪೈಪಿನ ಬಾಗಿದ ತುಂಡನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿದ. ಚಮಚದ ಹಿಡಿಯಿಂದ ಕೆದಕಿದಾಗ ಹಿಟ್ಟಿನ ದಪ್ಪ ಮುದ್ದೆಯೊಂದು ಬಕೆಟಿಗೆ ಬಿತ್ತು. ತುಂಡನ್ನು ತಣ್ಣೀರಲ್ಲಿ ತೊಳೆದು, ಮತ್ತೆ ಜೋಡಿಸಿ ನಲ್ಲಿ ಬಿಟ್ಟ. ನೀರು ಗುಳುಗುಳನೆ ಇಳಿಯಿತು.

“ರೇವಣಪ್ಪನವರ, ಸಿಂಕಿನ್ಯಾಗ ಹಿಟ್ಟು ನಾದೀರಲ್ರಿ!” ಎಂದು ಬೀಗತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇದನ್ನ ಯಾವ ಸಾಲ್ಯಾಗ ಕಲ್ತ್ಯೋ?” ಎಂದ ಮಾವನ ದನಿ ಮೆತ್ತಗಾಗಿತ್ತು.

ಚನ್ನವೀರ ಕೈ ಒರೆಸಿಕೊಂಡ. ಬೀಗರ ನಡುವೆಯೇ ತಲೆಯೆತ್ತಿ ನಡೆದು, ಚಪ್ಪಲಿ ಮೆಟ್ಟಿ ಹೊರಟುಹೋದ.